ಆಡಿ ಗಾಳಿಯಲ್ಲಿ ಪಿಯಾನೊ

ತೆಂಗಿನ ತೋಟದ ನಡುವೆ ಪಿಯಾನೊ ಕಚೇರಿ ನಡೆಸಬೇಕೆಂಬ ದಿವ್ಯ ಆಲೋಚನೆ ಹೊಳೆದಾಗ ನಾನು ಪೂರ್ತಿ ಎಚ್ಚರವಾಗಿದ್ದೆ. ಆದ್ದರಿಂದ ತಪ್ಪನ್ನು ನಿದ್ದೆಯ ಮೇಲೆ ಹಾಕುವಂತಿಲ್ಲ.

ನಾನು ಕರುಮತ್ತಂಪಟ್ಟಿಯವಳು. ಅಪ್ಪನ ಪವರ್‌ಲೂಮ್‌ಗಳ ಖಟಖಟದಲ್ಲಿ ನಮ್ಮ ಮನೆಯವರೆಲ್ಲ ಪಕ್ಕದಲ್ಲೇ ಕೂತರೂ ಕೂಗಿ ಮಾತಾಡುತ್ತಿದ್ದರು. ಕೊಯಮತ್ತೂರಿನ ಶಾಲೆಗೆ ಸೇರಿದಾಗ ಸಿಸ್ಟರ್ ಒಬ್ಬರು ಪಿಯಾನೊದ ಒಂದೇ ಒಂದು ಕೀಲಿ ಒತ್ತಿ ಕೈ ತೆಗೆದರು. ಆ ಸ್ವರ ಮೆಲ್ಲಗೆ ಕರಗುತ್ತಾ, ಕಿಟಕಿ ದಾಟಿ, ಹೊರಗಿನ ಬೇವಿನ ಮರದೊಳಗೆ ಹೋಗಿ ಕೂತಿತು. ನಾನೂ ಅದರ ಹಿಂದೆಯೇ ಹೋದೆ. ಇನ್ನೂ ಪೂರ್ತಿ ವಾಪಸ್ ಬಂದಿಲ್ಲ.

ಆಮೇಲೆ ಚೆನ್ನೈ, ಅಲ್ಲಿಂದ ಪರದೇಶ, ಮತ್ತೆ ಕೊಯಮತ್ತೂರು. ಈಗ ಪಿಟೀಲಿನ ಮರ್ಸಿ, ಚೆಲ್ಲೊ ಎಂಬ ದೊಡ್ಡ ಪಿಟೀಲಿನ ಜೋಸೆಫ್ ಮತ್ತು ನಾನು ಛೇಂಬರ್ ಮ್ಯೂಸಿಕ್ ನುಡಿಸುತ್ತೇವೆ. ಅಂದರೆ ಮೂವರು ಒಂದು ಕೋಣೆಯಲ್ಲಿ ಕೂತು ವಾದ್ಯಗಳಲ್ಲೇ ಮಾತಾಡಿಕೊಳ್ಳುವುದು. ಎಲ್ಲೆಲ್ಲೋ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ಮಡತ್ತುಕುಳದ ನಮ್ಮ ಅತ್ತೆ ಒಮ್ಮೆಯೂ ಕೇಳಿರಲಿಲ್ಲ. "ನಮ್ಮ ಸೊಸೆ ಪೆಟ್ಟಿ ಬಾರಿಸ್ತಾಳೆ" ಎಂದು ನೆಂಟರಿಗೆ ಪರಿಚಯಿಸುತ್ತಿದ್ದರು. ಅದರ ಹಿಂದೆ ಹೇಳದೆ ಬಿಟ್ಟ 'ಪಾಪ' ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ಬಾಯಿಂದ ಒಮ್ಮೆ 'ಚೆನ್ನಾಗಿದೆ' ಅನ್ನಿಸದೆ ಬಿಡಬಾರದೆಂದು ಶಪಥ ಮಾಡಿದೆ!

"ಅತ್ತೆ, ನೀವು ಎಲ್ಲಿಗೂ ಬರೋದು ಬೇಡ. ನಮ್ಮ ತೋಟದಲ್ಲೇ ನುಡಿಸ್ತೀನಿ."

"ಇದು ಆಡಿ ಮಾಸ, ಕಣ್ಣು." ಆಡಿ ಎಂದರೆ ಆಷಾಢದ ಹೊತ್ತಿನ ಗಾಳಿಯ ತಿಂಗಳು. ಪ್ರೀತಿ ಬಂದರೆ ಅವರು ಎಲ್ಲರನ್ನೂ 'ಕಣ್ಣು' ಎಂದೇ ಕರೆಯುವುದು. "ಆಡಿ ಗಾಳಿಗೆ ಅರೆಯೋ ಅಮ್ಮಿಕಲ್ಲೇ ಹಾರೋಗುತ್ತೆ."

"ಪಿಯಾನೊ ಅದಕ್ಕಿಂತ ತೂಕ ಅತ್ತೆ!"

ಎಂಥ ತರ್ಕ! ಪಿಯಾನೊ ಹಾರಲಿಲ್ಲ. ಮಿಕ್ಕಿದ್ದೆಲ್ಲ ಹಾರಿತು.

ಪಿಯಾನೊ ಟೆಂಪೋದಲ್ಲಿ ಬಂದಿಳಿಯಿತು. ಸ್ವರಲಿಪಿಯ ಹಾಳೆ ತಿರುವುವ ಘನ ಹೊಣೆಯನ್ನು ತೆಂಗಿನಕಾಯಿ ವ್ಯಾಪಾರಿಯಾದ ನನ್ನ ಗಂಡ ಮುರುಗೇಶನಿಗೆ ವಹಿಸಿದೆ.

"ನಾನು ತಲೆ ಆಡಿಸಿದಾಗ ತಿರುವಿ. ಅಷ್ಟೇ."

"ಸರಿಂಗ ಮೇಡಂ" ಎಂದವನು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೆಲ್ಲ ಹಾಳೆಗಳಿಗೆ ಸಿಕ್ಕಿಸಿ, ನನ್ನ ತಲೆಯನ್ನೇ ದಿಟ್ಟಿಸುತ್ತಾ ನಿಂತ.

ಇಳಿಬಿಸಿಲು ಗರಿಗಳ ಸಂದಿನಿಂದ ಸೋಸಿ ಬೀಳುತ್ತಿತ್ತು. ಕಾಲುವೆಯ ನೀರು ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ಮುಂದಿನ ಸಾಲಿನಲ್ಲಿ ಅತ್ತೆ, ಹಿಂದೆ ನೆಂಟರಿಷ್ಟರು. ಮರ್ಸಿ ಕಮಾನು ಎಳೆದಳು. ಜೋಸೆಫ್ ಕೆಳಗಿನಿಂದ ದನಿ ಸೇರಿಸಿದ. ನನ್ನ ಬೆರಳು ಕೀಲಿಗಳ ಮೇಲೆ ಇಳಿದದ್ದೇ ತಡ, ತೋಟ, ಕಾಲುವೆ, ಬೆಳಕು ಎಲ್ಲ ಒಂದೇ ಸ್ವರವಾಗಿ ತೇಲಿದಂತಾಯಿತು. ಕಣ್ಣು ಅರೆಮುಚ್ಚಿತು. ಆನಂದಕ್ಕೆ ತಲೆ ತಾನಾಗಿ ತೂಗಿತು.

ಮುರುಗೇಶ ಹಾಳೆ ತಿರುವಿದ.

ಮತ್ತೆ ತೂಗಿತು. ಮತ್ತೆ ತಿರುವಿದ! ಕಣ್ಣು ಬಿಟ್ಟರೆ ಎದುರಿಗೆ ಯಾವುದೋ ಕುಣಿತದ ಭಾಗ. ಗಾಬರಿಯಲ್ಲಿ ಅದನ್ನೇ ನುಡಿಸಿದೆ. ಮರ್ಸಿ ಇನ್ನೂ ಮೊದಲ ಭಾಗದಲ್ಲೇ ನಿಟ್ಟುಸಿರಿಡುತ್ತಿದ್ದಳು. ನಡುವೆ ಸಿಕ್ಕಿಬಿದ್ದ ಜೋಸೆಫ್ ಒಂದೇ ತಂತಿಯನ್ನು ಗರಗಸದಂತೆ ಎಳೆಯತೊಡಗಿದ.

"ಎಂಗ ಇರ್ಕೆ?" ಎಂದು ಮರ್ಸಿ ತಮಿಳಿನಲ್ಲಿ ಹಲ್ಲು ಕಚ್ಚಿದಳು. ಎಲ್ಲಿದ್ದೀಯ ಅಂತೆ! ಎಲ್ಲಿದ್ದೀನೆಂದು ನನಗೇ ಗೊತ್ತಿದ್ದರೆ ತಾನೆ!

"ಬೇಡ, ಬೇಡ!" ಎಂದು ಗಂಡನಿಗೆ ತಲೆ ಅಲ್ಲಾಡಿಸಿದೆ. ಅವನು ಇನ್ನೂ ಚುರುಕಾಗಿ ತಿರುವಿದ!

"ಯಾಕೆ ತಿರುವ್ತೀರಿ?"

"ನೀನೇ ತಾನೆ ತಲೆ ಆಡಿಸ್ತಾ ಇರೋದು?"

ಹೊಸ ಪುಟಕ್ಕೆ ಹಾಕಲೆಂದು ಅವನು ಕ್ಲಿಪ್ಪುಗಳನ್ನು ತೆಗೆದಿದ್ದನಷ್ಟೆ. ಗಾಳಿ ಬಂತು. ಹಾಳೆಗಳೆಲ್ಲ ಕೊಕ್ಕರೆಗಳಂತೆ ರೆಕ್ಕೆ ಬಿಚ್ಚಿ ತೋಟದ ಮೇಲೆ ಹಾರಿದವು. ನೋಡಲು ಬಹಳ ಸುಂದರವಾಗಿತ್ತೆಂದು ಒಪ್ಪಲೇಬೇಕು. ನೆಂಟರೆಲ್ಲ ಪಂಚೆ ಎತ್ತಿ ಕಟ್ಟಿ ಬೆನ್ನಟ್ಟಿದರು. ಚಿಕ್ಕಮಾವ ಕಾಲುವೆಗೇ ಇಳಿದು, ತೊಟ್ಟಿಕ್ಕುವ ಹಾಳೆಯೊಂದನ್ನು ಬಾವುಟದಂತೆ ಎತ್ತಿ ಹಿಡಿದು, "ಇದೊಂದ್ ಸಿಕ್ತು! ಇದು ಸಾಕಾ?" ಎಂದು ಕೂಗಿದರು.

ಮರ್ಸಿ ಪಿಟೀಲನ್ನು ಪೆಟ್ಟಿಗೆಗೆ ಹಾಕಲು ಹೊರಟಳು. "ಒಂದು ನಿಮಿಷ" ಎಂದು ಬೇಡಿಕೊಂಡೆ. ನಿಧಾನದ ಭಾಗವೊಂದು ನಮಗೆ ಬಾಯಿಪಾಠವಿತ್ತು. ಅವಳು ನನ್ನ ಮುಖ ನೋಡಿದಳು, ಏನನ್ನಿಸಿತೋ, ಕಮಾನು ಎತ್ತಿದಳು. ಗಂಡನನ್ನು ದೂರದ ಕುರ್ಚಿಯಲ್ಲಿ ಕೂರಿಸಿ ಶುರು ಮಾಡಿದೆವು. ಈ ಸಲ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು. ಕೊನೆಯ ಸ್ವರ ಗರಿಗಳೊಳಗೆ ಮೆಲ್ಲಗೆ ಅಡಗಿತು.

ತಿರುಗಿ ನೋಡಿದೆ. ಅತ್ತೆಯ ಕಣ್ಣು ಮುಚ್ಚಿದೆ. ಕೆನ್ನೆ ಮೇಲೆ ಧಾರಾಕಾರ ನೀರು! ನನ್ನ ಎದೆ ತುಂಬಿ ಬಂತು. ಓಡಿಹೋಗಿ ಅವರ ಮುಂದೆ ಮಂಡಿಯೂರಿದೆ.

"ಅತ್ತೆ... ಹೇಗಿತ್ತು?"

"ಕಣ್ಣಿಗೆ ಧೂಳು ಬಿತ್ತು, ಕಣ್ಣು! ಆವಾಗಿಂದ ಉಜ್ಜ್ತಾ ಇದೀನಿ. ಸ್ವಲ್ಪ ಊದು."

ರೆಪ್ಪೆ ಬಿಡಿಸಿ ಊದಿದೆ. ಅತ್ತೆ ಕಣ್ಣು ಪಿಳಿಪಿಳಿ ಮಾಡಿ, ಎಲ್ಲ ನೆಂಟರಿಗೂ ಕೇಳುವಂತೆ ಹೇಳಿದರು:

"ಅಪ್ಪಾ! ರೊಂಬ ಚೆನ್ನಾಗಿದೆ!"

ಇಷ್ಟು ವರ್ಷ ಹಗಲಿರುಳು ಬೆರಳು ಪಳಗಿಸಿದವಳು ಕೊನೆಗೆ ಹೆಸರು ತಗೊಂಡದ್ದು ಬಾಯಿಂದ ಊದಿ!