ಅಮ್ಮನ ಹುಟ್ಟಿದ ತಾರೀಖು

ಆರ್ವೊ ಲೆಹ್ಟಿನೆನ್ ಮಗಳ ಕನ್ನಡಕದ ಮೇಲೆ ಕೂತ. ಎಲ್ಲಾ ಶುರುವಾದದ್ದು ಅಲ್ಲಿಂದ.

ಮಗಳು ಇಲ್ಸಾ ಒಂದು ವಾರ ಅಪ್ಪನ ಹತ್ತಿರ, ಒಂದು ವಾರ ಅಮ್ಮನ ಹತ್ತಿರ. ಅಪ್ಪನ ಮನೆ ಅಂದರೆ ಥಂಡರ್ ಬೇ ಊರಿನಲ್ಲಿ ಅವನು ಕೆಲಸ ಮಾಡುವ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕನ್ನಡಕಕ್ಕೆ ಸೆಲ್ಲೋಟೇಪು ಸುತ್ತಿಕೊಂಡು ಅವಳು ಅಮ್ಮನ ಮನೆಗೆ ಹೋಗಿ ಐದು ದಿನವಾಗಿತ್ತು. ಹೊಸದು ಕನ್ನಡಕದ ಅಂಗಡಿಯಲ್ಲಿ ಸಿದ್ಧವಾಗಿ ಕೂತಿತ್ತು. ಆದರೆ ಅಪ್ಪ ಅಮ್ಮ ಇಬ್ಬರಲ್ಲಿ ಯಾರ ವಿಮೆ ಮೊದಲು ದುಡ್ಡು ಕೊಡುತ್ತದೆ ಅನ್ನುವುದು ತೀರ್ಮಾನವಾಗದೆ ಅಂಗಡಿಯವನು ಅದನ್ನು ಬಿಡಲೊಲ್ಲ. ಕೈಯಿಂದ ಕೊಟ್ಟು ತರೋಣವೆಂದರೆ ಆರ್ವೊನ ಕೈ ತಿಂಗಳ ಕೊನೆಯಲ್ಲಿ ಖಾಲಿ. ನಾಳೆ ಬೆಳಿಗ್ಗೆ ಇಲ್ಸಾಳಿಗೆ ಸ್ಕೇಟಿಂಗ್ ಪರೀಕ್ಷೆ.

ಬೇರೆಯಾದಾಗ ಹೆಂಡತಿ ಕೋರಿನ್ ಮನೆ ಇಟ್ಟುಕೊಂಡಳು, ನಾಯಿ ಇಟ್ಟುಕೊಂಡಳು, ಸಂಸಾರದ ಬುದ್ಧಿಯನ್ನೂ ಇಟ್ಟುಕೊಂಡಳು. ಆರ್ವೊನ ಪಾಲಿಗೆ ಬಿಟ್ಟದ್ದು ಒಂದೇ ಜವಾಬ್ದಾರಿ: ಇಲ್ಸಾಳ ಹಲ್ಲು, ಕಣ್ಣು, ಔಷಧಿಯ ವಿಮೆ ಕ್ಲೇಮುಗಳು. ಅದನ್ನಾದರೂ ನೆಟ್ಟಗೆ ಮಾಡಿದರೆ ಎಂದಾದರೂ ಆ ಮನೆಯ ಬಾಗಿಲು ತನಗೆ ಮತ್ತೆ ತೆರೆದೀತು ಅನ್ನುವ ಆಸೆ ಅವನಿಗೆ. ಬೇಸಿಗೆಯಲ್ಲಿ ಹಲ್ಲಿನ ಕ್ಲೇಮನ್ನು ಎರಡೂ ಕಂಪನಿಗೆ 'ನೀವೇ ಮೊದಲು' ಎಂದು ಕಳಿಸಿ, ಎರಡೂ ಕಡೆಯಿಂದ ವಾಪಸು ಬಂದಾಗ ಕೋರಿನ್ ಹೇಳಿದ್ದಳು: "ಇನ್ನೊಂದ್ಸಲ ಹೀಗಾದ್ರೆ ಇದನ್ನೂ ನಾನೇ ನೋಡ್ಕೋತೀನಿ, ಆರ್ವೊ."

ಶುಕ್ರವಾರ ಮಧ್ಯಾಹ್ನ ಅವನು ವಿಮೆ ಕಚೇರಿಗೆ ಫೋನು ಮಾಡಿದ. ಹೊರಗೆ ಊರಿಗೆ ಊರೇ ಚಳಿಗಾಲದ ಟೈರು ಹಾಕಿಸಲು ಸಾಲುಗಟ್ಟಿತ್ತು.

"ಮಗು ಇಬ್ರ ಹತ್ರಾನೂ ಸಮಸಮ ಇರುತ್ತಲ್ವಾ ಸರ್? ಹಾಗಿದ್ರೆ ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತೋ ಅವರ ಪಾಲಿಸಿ ಮೊದಲು," ಎಂದಳು ಆ ಕಡೆಯ ಹುಡುಗಿ. "ನಿಮ್ದು ಮೇ ತಿಂಗಳು. ಮಗುವಿನ ತಾಯಿದು ಯಾವಾಗ?"

ಆರ್ವೊನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಕಾಲ ಮೇಲೆ ಬಿತ್ತು.

ಹನ್ನೆರಡು ವರ್ಷದ ದಾಂಪತ್ಯದಲ್ಲಿ ಆ ತಾರೀಖು ಅವನಿಗೆ ಒಮ್ಮೆಯೂ ನೆನಪಾಗಿರಲಿಲ್ಲ. ಪ್ರತಿ ಸಲವೂ ಮಾರನೆಯ ದಿನ ಹೂವು ತಂದು, "ನೆನಪಿತ್ತು, ಅಂಗಡಿ ಮುಚ್ಚಿತ್ತು" ಅನ್ನುವುದು ವಾಡಿಕೆ.

"ನಿಮ್ಮ ಹತ್ರಾನೇ ಇರಬೇಕಲ್ಲಮ್ಮಾ?"

"ಇದ್ರೂ ಹೇಳೋ ಹಾಗಿಲ್ಲ ಸರ್. ನೀವು ಹೇಳ್ಬೇಕು, ಅವರ ಕಂಪನಿ ಜೊತೆ ತಾಳೆ ನೋಡ್ತೀವಿ. ತಪ್ಪಾದ್ರೆ ಅವರಿಗೆ ಪತ್ರ ಹೋಗುತ್ತೆ."

ಕೋರಿನ್‌ಳನ್ನೇ ಕೇಳುವುದೆಂದರೆ ತಾನೇ ಹೋಗಿ ಕೊರಳು ಕೊಟ್ಟ ಹಾಗೆ. ಫೋನಿಟ್ಟು ಪೆಚ್ಚಾಗಿ ನಿಂತವನನ್ನು ಕೌಂಟರಿನ ಮೋನಾ ನೋಡಿದಳು. ಮೋನಾಗೆ ಮೂರು ಮದುವೆ, ಮೂರು ವಿಚ್ಛೇದನ. ಸಲಹೆಗೆ ಬರವಿಲ್ಲ.

"ಅಯ್ಯೋ ನಿನ್ನ! ಹೆಂಡ್ತಿ ಹುಟ್ಟಿದ ದಿನ ಗೊತ್ತಿಲ್ವೇನೋ? ನನ್ನ ಮೂರೂ ಗಂಡಂದಿರ್ದು ನನಗೆ ಬಾಯಿಪಾಠ."

"ಆದ್ರೂ ಮೂರೂ ಓಡಿಹೋದ್ವಲ್ಲ," ಎಂದ ಕಾರಿನಡಿಯಿಂದ ಡೆಲ್ಬರ್ಟ್.

"ನೀನು ಬಾಯ್ಮುಚ್ಕೊಂಡು ನಟ್ಟು ಬಿಚ್ಚು! ಆರ್ವೊ, ಅವಳಿಗೆ ಹಟ ಜಾಸ್ತಿ ಅಲ್ವಾ? ಏಪ್ರಿಲ್ಲೇ ಇರ್ಬೇಕು."

"ಏಪ್ರಿಲ್ ಅಲ್ಲ ಕಣೇ," ಎಂದರು ಟೈರಿಗೆ ಕಾದು ಕೂತ ಯಾರೋ ಅಜ್ಜಿ. "ಹಟದವರೆಲ್ಲ ಜನವರಿಯವರು. ನಾನೇ ಜನವರಿ."

ಹತ್ತು ನಿಮಿಷದಲ್ಲಿ ಇಡೀ ಅಂಗಡಿಯೇ ಕೋರಿನ್‌ಳ ಜಾತಕ ಬರೆಯಲು ಕೂತಿತು. ಡೆಲ್ಬರ್ಟ್ ಅಂತೂ ಒಂದೊಂದು ತಿಂಗಳಿಗೂ ಪಂದ್ಯ ಕಟ್ಟಿಸಿಕೊಳ್ಳತೊಡಗಿದ. ಕೊನೆಗೆ ಮೋನಾಳೇ ಉಪಾಯ ಹೇಳಿದಳು. "ಮಗೂನ ಕೇಳೋ. ನೇರವಾಗಿ ಬೇಡ, ಅಮ್ಮನಿಗೆ ಊದಿಬಿಡತ್ತೆ. ಬಳಸಿ ಕೇಳು."

ಶಾಲೆ ಬಿಟ್ಟ ಮೇಲೆ ಆರ್ವೊ ಇಲ್ಸಾಳಿಗೆ ಫೋನು ಮಾಡಿದ. "ಪುಟ್ಟಾ, ಅಮ್ಮಂಗೆ ಕೇಕ್ ಗೀಕ್ ತರೋ ದಿನ ಯಾವ್ದಾದ್ರೂ ಹತ್ರದಲ್ಲಿ ಇದೆಯೇನಮ್ಮಾ?"

ಆ ಕಡೆಯಿಂದ ಪಿಸುಮಾತು. "ಅಪ್ಪಾ, ನಿಂಗೆ ಹೇಗೆ ಗೊತ್ತಾಯ್ತು? ಇವತ್ತೇ! ಅಮ್ಮನ ದಿನ. ಬಲೂನ್ ಕಟ್ತಿದೀವಿ. ಓಲ್ಗಾ ಆಂಟಿ ಬರ್ತಾರೆ. ನಿಂಗೆ ಹೇಳ್ಬಾರ್ದು ಅಂದಿದ್ರು."

ಆರ್ವೊನಿಗೆ ಸ್ವರ್ಗ ಮೂರೇ ಗೇಣು. ವಿಮೆ ಹುಡುಗಿಗೆ ತಕ್ಷಣ ಫೋನು ಮಾಡಿ, "ಇವತ್ತೇ ಕಣಮ್ಮಾ! ಮರೆಯೋಕಾಗುತ್ತಾ?" ಎಂದ. ಹಾಗಾದರೆ ತಾಳೆ ನೋಡಿ ಅವನ ಪಾಲಿಸಿಯನ್ನೇ ಮೊದಲು ಹಿಡಿಯುತ್ತೇವೆಂದು ಹೇಳಿ, ಅವಳು ತನ್ನ ಕಡೆಯಿಂದಲೂ ಶುಭಾಶಯ ತಿಳಿಸಿದಳು. ಆಮೇಲೆ ಅವನ ತಲೆಗೆ ಇನ್ನೊಂದು ಹೊಳೆಯಿತು. ತಾರೀಖು ಗೊತ್ತಾದ ಮೇಲೆ ಬರಿಗೈಯಲ್ಲಿ ಯಾಕೆ ಕೂರಬೇಕು? ಹನ್ನೆರಡು ವರ್ಷದ ಸಾಲ ಒಂದೇ ಸಂಜೆ ತೀರಿಸಬಹುದು.

ಮೋನಾಳ ಹತ್ತಿರ ಇಪ್ಪತ್ತು ಡಾಲರ್ ಕೈಗಡ ತೆಗೆದುಕೊಂಡು ಬೇಕರಿಯಲ್ಲಿ ದೊಡ್ಡ ಕೇಕಿನ ಮೇಲೆ ಬರೆಸಿದ: 'ಈ ದಿನ ನೂರು ಸಲ ಬರಲಿ.' ಹಿಮದಲ್ಲಿ ಕಾರು ಒಮ್ಮೆ ಜಾರಿತು. ಕೇಕ್ ಉಳಿಸಲು ಹೋಗಿ ಕಾರಿನ ಕನ್ನಡಿ ಯಾರದೋ ಅಂಚೆಪೆಟ್ಟಿಗೆಗೆ ಬಡಿದು ಮುರಿಯಿತು. ಹೋದರೆ ಹೋಗಲಿ ಎಂದುಕೊಂಡ.

ಬಾಗಿಲು ತೆರೆದದ್ದು ಎದುರು ಮನೆಯ ಓಲ್ಗಾ ಪ್ರೊಕೊಪ್ಚುಕ್. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ!" ಎಂದು ಒಳಗೆ ತಿರುಗಿ ಕೂಗಿದಳು. "ಕೋರಿನ್, ಯಾರು ಬಂದಿದಾನೆ ನೋಡು!"

ಒಳಗೆ ಬಲೂನು, ಮೇಣದಬತ್ತಿ, ಕೋರಿನ್‌ಳ ಆಫೀಸಿನ ನಾಲ್ಕು ಹೆಂಗಸರು. ಆರ್ವೊ ಎದೆಯುಬ್ಬಿಸಿ ಕೇಕಿನ ಮುಚ್ಚಳ ತೆಗೆದ. "ನಾನು ಮರೀತೀನಿ ಅಂದ್ಕೊಂಡ್ಯಾ? ಬೆಳಿಗ್ಗೆ ಎದ್ದಾಗಿಂದ ಇದೇ ನೆನಪು. ಈ ದಿನ ನಿನ್ನ ಬಾಳಲ್ಲಿ ನೂರು ಸಲ ಬರಲಿ, ಕೋರಿನ್!"

ಕೋರಿನ್ ಕೇಕನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಕಣ್ಣು ತುಂಬಿತು. ಆರ್ವೊನ ಕಣ್ಣೂ ತುಂಬಿತು.

"ಆರ್ವೊ, ಇವತ್ತು ಏನು ದಿನ?"

"ನಿನ್ನ ಹುಟ್ಟುಹಬ್ಬ! ವಿಮೆಯವರಿಗೂ ಹೇಳಿಬಿಟ್ಟೆ."

ಓಲ್ಗಾ ನಕ್ಕಳು. ಕೋರಿನ್ ನಗಲಿಲ್ಲ. ಅವನನ್ನು ಮೆಟ್ಟಿಲ ಬಳಿಗೆ ಕರೆತಂದು ಹಿಂದೆ ಬಾಗಿಲು ಎಳೆದುಕೊಂಡಳು.

"ಹೋದ ವರ್ಷ ಇದೇ ದಿನ ನಾವು ಬೇರೆ ಆಗಿದ್ದು ಕಣೋ. ಒಂದು ವರ್ಷ ಅಳದೆ ಕಳೆದೆಯಲ್ಲ ಅಂತ ಇವರೆಲ್ಲ ಸೇರಿ ಕೇಕ್ ಇಟ್ಟಿದಾರೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆ ದಿನ ನೀನೂ ಇದ್ಯಲ್ಲೋ. ನಿನ್ನ ಪೆಟ್ಟಿಗೆ ಇಡೋಕೆ ಜಾಗ ಬೇಕು ಅಂತ ಹಿಮ ಗೋರಿದ್ದು ನೀನೇ. ಅದೂ ಮರೆತುಹೋಯ್ತಾ?"

ಆರ್ವೊನಿಗೆ ಹಿಮ ಗೋರಿದ್ದು ನೆನಪಿತ್ತು. ಅಡುಗೆಮನೆ ಕಿಟಕಿಯಲ್ಲಿ ಅವಳು ನಿಂತಿದ್ದದ್ದೂ, ಒಮ್ಮೆ ಕರೆದರೆ ಸಾಕು ಸಲಿಕೆ ಎಸೆದು ಒಳಗೆ ಓಡುತ್ತೇನೆ ಎಂದು ತಾನು ಕಾದದ್ದೂ ನೆನಪಿತ್ತು. ತಾರೀಖು ಮಾತ್ರ ಇರಲಿಲ್ಲ. ಇದನ್ನು ಅವಳಿಗೆ ಹೇಳಬೇಕು ಅನ್ನಿಸಿತು. ಬಾಯಿಂದ ಬಂದದ್ದು ಬೇರೆ.

"ನೆನಪಿತ್ತು ಕೋರಿನ್, ಅದು…"

"ಮರೆತಿದ್ದಕ್ಕಲ್ಲ ಆರ್ವೊ ನಾನು ಬೇಡ ಅಂದಿದ್ದು. ಈ 'ನೆನಪಿತ್ತು' ಅಂತೀಯಲ್ಲ, ಅದಕ್ಕೆ. ಗೊತ್ತಿಲ್ಲ, ಹೇಳು ಅಂತ ಫೋನ್ ಮಾಡಿದ್ರೆ ಹೇಳ್ತಿರ್ಲಿಲ್ವಾ?" ಅವಳು ಕೋಟಿಲ್ಲದೆ ಚಳಿಗೆ ನಡುಗುತ್ತಿದ್ದಳು. "ಕನ್ನಡಕ ನಾನು ತರ್ತೀನಿ. ಇನ್ಮೇಲೆ ಅವಳ ಕ್ಲೇಮೆಲ್ಲ ನಾನೇ ನೋಡ್ಕೋತೀನಿ. ಹೋಗು, ರಸ್ತೆ ಜಾರುತ್ತೆ, ಹುಷಾರು."

ಬಾಗಿಲು ಮುಚ್ಚಿತು. ಒಳಗೆ ಅವನ ಕೇಕನ್ನೂ ಕತ್ತರಿಸಿದರು. ಬರೆಹ ಸಂದರ್ಭಕ್ಕೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಆರ್ವೊ ಮುರಿದ ಕನ್ನಡಿಯ ಕಾರಿನಲ್ಲಿ ತುಂಬಾ ಹೊತ್ತು ಕೂತ. ಹಾಳಾದ ನಾಲಿಗೆಯನ್ನು ಶಪಿಸಿಕೊಂಡ. ಜನ್ಮದಲ್ಲಿ ಮೊದಲ ಸಲ ಒಂದು ತಾರೀಖು ಅವನ ತಲೆಯಲ್ಲಿ ಅಳಿಸದ ಹಾಗೆ ಕೂತುಬಿಟ್ಟಿತ್ತು. ಅವಳ ಹುಟ್ಟುಹಬ್ಬ ಯಾವತ್ತೆಂದು ಮಾತ್ರ ಅವನು ಈಗಲೂ ಕೇಳಿರಲಿಲ್ಲ.