ಮಳೀಗೆ ಗಾಳಿ ಹೆಚ್ಚೋ, ಬಿಸಲು ಹೆಚ್ಚೋ?

ನಾನಿದ್ದಲ್ಲಿ ಏನಾರ ಒಂದು ಆಗೇ ಆಗತೈತಿ. ನಾನೇ ಮಾಡಸ್ತೀನಿ ಅಂತ ಮಂದಿ ಅಂತಾರ. ಅದರಾಗ ಅರ್ಧ ಸುಳ್ಳು. ಈ ಸಲ ಜಮಖಂಡಿಯ ಕಾಲೇಜ್ ಸರ್ ಒಬ್ಬರು ನನ್ನ ಬೈಕಿನ ಹಿಂದ ಕುಂತ್ರು. ಮಳಿ ತರೂದರಾಗ ಗಾಳಿ, ತೇವ, ಬಿಸಲು ಯಾವುದರ ಪಾಲು ಹೆಚ್ಚು ಅಂತ ಮಂದೀನ್ನ ಕೇಳಿ ನಂಬರ್ ಹಚ್ಚೂದು ಅವರ ಪಿಎಚ್‌ಡಿ. ಎರಡೆರಡನ್ನ ಜೋಡಿ ಮಾಡಿ ಕೇಳ್ತಾರ: ಯಾವುದು ಹೆಚ್ಚು, ಎಷ್ಟು ಹೆಚ್ಚು? ಒಂದಂದ್ರ ಸರಿಸಮ, ಒಂಬತ್ತಂದ್ರ ಅದರ ಮುಂದ ಇನ್ನೊಂದು ಲೆಕ್ಕಕ್ಕೇ ಇಲ್ಲ. ಇದು ಮುಗಿಯೂತನಕ ಹೆಣ್ಣು ಕೊಡಂಗಿಲ್ಲ ಅಂತ ಅನಗವಾಡಿಯ ಮಾವ ಆಗೋರು ಹೇಳಿಬಿಟ್ಟಿದ್ರು. ಅದಕ್ಕ ಸರ್‌ಗೆ ಗಡಿಬಿಡಿ.

ಬನಹಟ್ಟಿ ಕಾಕಾ

ಪವರ್‌ಲೂಮ್ ನಡಸೋ ಕಾಕಾನ ಕಿವ್ಯಾಗ ನಾ ಮೆಲ್ಲಕ ಹೇಳಿದೆ, "ಕಡೀ ನಂಬರ್ ಬಂದದ್ದನ್ನ ಸರಕಾರ ಬಂದ್ ಮಾಡತೈತಂತ."

ಕಾಕಾ ಮಗ್ಗಾನೇ ನಿಲ್ಲಿಸಿದ. ಹವಾ ಒಣಗಿದ್ರ ನೂಲಿನ ಎಳಿ ಪಟಪಟ ಹರೀತಾವಲ್ಲ, ಬಿಸಲಿನ ಮ್ಯಾಲ ಅವಗ ಹಳೇ ಸಿಟ್ಟು. "ತೇವ ಹೆಚ್ಚು, ಒಂಬತ್ತು! ಬಿಸಲು ಕಡೀಕ ಹಾಕ್ರಿ."

"ಕಾಕಾ, ನಾ ಮಳಿದು ಕೇಳಾಕತ್ತೇನ್ರಿ," ಅಂದ್ರು ಸರ್.

"ಗೊತ್ತಾತ್ರಿ ಸರ. ಬಿಸಲಿನ ಬಾಜೂಕ ಕರೆಂಟ್ ಹೋಗೂದನ್ನೂ ಬರ್ಕೋರಿ."

ರಬಕವಿ ಅಕ್ಕ

ಕಟ್ಟಿ ಮ್ಯಾಲ ಕುಂತು ನೂಲು ಸುತ್ತಾಕತ್ತಿದ್ದ ಅಕ್ಕ ಅಂದಳು, "ತೇವಕ್ಕಿಂತ ಗಾಳಿ ಹೆಚ್ಚು. ಬಿಸಲಿಗಿಂತ ತೇವ ಹೆಚ್ಚು. ಗಾಳಿಗಿಂತ ಬಿಸಲು ಹೆಚ್ಚು."

"ಹಂಗ ಬರಂಗಿಲ್ರೀ ಅಕ್ಕಾರ. ಲೆಕ್ಕ ಕೂಡಂಗಿಲ್ಲ."

"ಯಾಕ ಕೂಡಂಗಿಲ್ಲ? ನಮ್ಮ ಅತ್ತೀಗೆ ಮಾಂವ ಅಂಜತಾರ. ಮಾಂವಗ ನಮ್ಮನಿಯವರು ಅಂಜತಾರ. ನಮ್ಮನಿಯವರಿಗೆ ಅತ್ತಿ ಅಂಜತಾರ. ಸಂಸಾರ ನಡದೈತಿಲ್ಲೋ?"

ಒಳಗ ಅತ್ತಿ ಕೆಮ್ಮಿದ ಸಪ್ಪಳಾತು. ಅಕ್ಕ ಲಗೂನ ಅಂದಳು, "ಅತ್ತೀಗೆ ಒಂಬತ್ತು ಹಾಕ್ರಿ."

ಅನಗವಾಡಿ ಮಾವ

ಲೆಕ್ಕ ಕೂಡದ್ದಕ್ಕ ಸರ್ ಮಾರಿ ಸಣ್ಣದಾತು. "ಮಾವನವರನ್ನೂ ಕೇಳ್ರಿ, ಖುಷಿ ಆಗ್ತಾರ," ಅಂತ ನಾನೇ ಬೈಕು ಅತ್ತ ಹೊಡದೆ.

ಚಹಾ ಬಂತು. ಗಾಳಿ, ತೇವ, ಬಿಸಲು ಎಲ್ಲಾ ಮುಗೀತು. ಆಮ್ಯಾಲ ಮಾವ ನಕ್ಕೋತ, "ನಂದೂ ಒಂದು ಜೋಡಿ ಐತಿ. ನಿಮಗ ಮಳಿ ಹೆಚ್ಚೋ, ನಮ್ಮ ಮಗಳು ಹೆಚ್ಚೋ?" ಅಂದ್ರು.

ಸರ್ ಖರೇ ಹೇಳೋ ಮನಷ್ಯಾ. ಕಣ್ಣು ಮುಚ್ಚಿ ವಿಚಾರ ಮಾಡಿದ್ರು. "ನಿಮ್ಮ ಮಗಳೇ ಹೆಚ್ಚು ರೀ."

ಮಾವ ಮೀಸಿ ತೀಡಿದ್ರು. ಅಲ್ಲಿಗೆ ಬಿಟ್ಟಿದ್ರ ಆಗತಿತ್ತು.

"ಮೂರು," ಅಂದ್ರು ಸರ್.

"ಒಂಬತ್ತರಾಗ?"

"ಹೂನ್ರಿ. ತುಸು ಹೆಚ್ಚು."

ಅಡಗಿ ಮನ್ಯಾಗಿಂದ ಹುಡುಗಿ ದನಿ ಬಂತು: "ಅಪ್ಪಾ, ಅವರಿಗೆ ಮಳೀನ್ನ ಕೊಟ್ಟು ಲಗ್ನಾ ಮಾಡ್ರಿ!"