ಅತ್ತೆ ಬ್ಯಾಂಕುಗಳ ವೇಗ ಅಳೆದದ್ದು

ದೇಶದ ಬ್ಯಾಂಕುಗಳ ಮೇಲೆ ಕಣ್ಣಿಡಲು ಸರ್ಕಾರ ದೊಡ್ಡ ಊರುಗಳಲ್ಲಿ ದೊಡ್ಡ ದೊಡ್ಡ ಕಚೇರಿಗಳನ್ನು ಇಟ್ಟುಕೊಂಡಿದೆ. ಅದೇ ಕೆಲಸವನ್ನು ಶಹಾಪುರದಲ್ಲಿ ನಮ್ಮ ಅತ್ತೆ ಒಬ್ಬಳೇ, ಸಂಬಳವಿಲ್ಲದೆ ಮಾಡುತ್ತಿರುವುದು ಆ ಕಚೇರಿಗಳಿಗೆ ಗೊತ್ತಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಈ ಸಂಶೋಧನೆಗೆ ಸರ್ಕಾರವೇ ಹಣ ಕೊಡುತ್ತಿದೆ ಎಂದರೂ ತಪ್ಪಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ದೋರನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದ ಮರುವಾರವೇ, ದೇಶದ ಬ್ಯಾಂಕುಗಳ ಕಾರ್ಯಕ್ಷಮತೆ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೆಂಬ ಸುದ್ದಿಯನ್ನು ಪೇಪರಿನಲ್ಲಿ ಓದಿ, ಚಹಾದ ಕಪ್ಪು ಕೆಳಗಿಟ್ಟಳು.

“ಯಾರು ಅಳದಾರ? ಎಲ್ಲಿ ನಿಂತು ಅಳದಾರ?”

ನನಗೇನು ಗೊತ್ತು? ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಗುಮಾಸ್ತ. ನನ್ನ ಕಾರ್ಯಕ್ಷಮತೆಯನ್ನು ಯಾರೂ ಅಳೆಯದಿದ್ದರೆ ಸಾಕು ಎಂದು ಬದುಕುತ್ತಿರುವವನು.

ಮುಂದಿನ ತಿಂಗಳಿಂದ ಅತ್ತೆಯೇ ಅಳೆಯತೊಡಗಿದಳು. ಮೊದಲ ಸೋಮವಾರ ಯಾದಗಿರಿ, ಎರಡನೆಯದು ಶಹಾಪುರ, ಮೂರನೆಯದು ಸುರಪುರ. ಮೂರೂ ಕಡೆ ಒಂದೇ ಕೆಲಸ: ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸುವುದು. ಸಾಲಿನಲ್ಲಿ ನಿಂತ ಗಳಿಗೆಯಿಂದ ಪಾಸ್‌ಬುಕ್ ಕೈಗೆ ಮರಳುವವರೆಗೆ ಎಷ್ಟು ನಿಮಿಷ ಎಂಬುದೇ ಲೆಕ್ಕ. ಇದಕ್ಕಾಗಿ ಹಳೆಯ ಶಾಲೆಯ ಪಿ.ಟಿ. ಮಾಸ್ತರರಿಂದ ಓಟದ ಸ್ಪರ್ಧೆಯ ಸ್ಟಾಪ್‌ವಾಚ್ ತಂದುಕೊಂಡಿದ್ದಳು. ಎಲ್ಲ ಕಡೆಗೂ ಒಂದೇ ಹಸಿರು ಸೀರೆ. ಯಾಕೆಂದು ಕೇಳಿದ್ದಕ್ಕೆ, “ಸೀರಿ ಬದಲಾದ್ರ ಅವರು ಕೊಡೋ ಮರ್ಯಾದಿ ಬದಲಾಗ್ತದ. ಅಳತಿ ಕೆಡ್ತದ” ಎಂದಳು. ಹೌದಲ್ಲ! ಪೇಪರಿನ ತಜ್ಞರಲ್ಲಿ ಎಷ್ಟು ಮಂದಿ ಒಂದೇ ಸೀರೆಯಲ್ಲಿ ಓಡಾಡಿದ್ದಾರು?

ಯಾದಗಿರಿಯಲ್ಲಿ ಆಕೆ ಗುಂಡಿ ಒತ್ತುವುದನ್ನೂ ಏನೋ ಬರೆದುಕೊಳ್ಳುವುದನ್ನೂ ನೋಡಿ, ಮ್ಯಾನೇಜರು ಈಕೆ ಮೇಲಿನಿಂದ ಬಂದ ತಪಾಸಣಾ ಅಧಿಕಾರಿಯೆಂದು ತಿಳಿದರು. ಒಳಗೆ ಕರೆದು ಕುರ್ಚಿ ಕೊಟ್ಟು ಚಹಾ ತರಿಸಿದರು. ನಾಲ್ಕೇ ನಿಮಿಷದಲ್ಲಿ ಪಾಸ್‌ಬುಕ್ ಬಂತು. ಅತ್ತೆ ಚಹಾ ಕುಡಿದು, ಆ ತಿಂಗಳ ಅಳತೆಯನ್ನು ಹೊಡೆದುಹಾಕಿದಳು.

“ಚಹಾ ಕುಡಿಸಿದ ಮ್ಯಾಲ ಅದು ಬ್ಯಾಂಕಿನ ಕೆಲಸ ಅಲ್ಲ, ಬೀಗತನ.”

ಶಹಾಪುರದ ಶಾಖೆಗೆ ಎಂಟ್ರಿ ಹಾಕುವ ಯಂತ್ರ ಬಂದಾಗ ಆಕೆ ನಿಜಕ್ಕೂ ಸಂತೋಷಪಟ್ಟಳು. ಒಂದು ನಿಮಿಷವೂ ಬೇಕಾಗಲಿಲ್ಲ. ಮರುತಿಂಗಳು ಯಂತ್ರ ಕೆಟ್ಟಿತ್ತು. ಅಲ್ಲಿದ್ದವರು ನಾಳೆ ಬನ್ನಿ ಎಂದರು. ಕೆಲಸ ಮುಗಿಯುವವರೆಗೆ ಸಮಯ ನಿಲ್ಲಿಸಕೂಡದೆಂಬುದು ಅತ್ತೆಯ ನಿಯಮ. ಹತ್ತೊಂಬತ್ತು ದಿನಗಳ ಮೇಲೆ ಯಂತ್ರ ಸರಿಹೋಯಿತು. ಅಷ್ಟು ಎಣಿಸುವ ಶಕ್ತಿ ಸ್ಟಾಪ್‌ವಾಚಿಗಿರಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಲೆಕ್ಕ ಹಾಕಬೇಕಾಯಿತು.

ಮೂರು ವರ್ಷ ಹೀಗೇ ನಡೆಯಿತು. ಒಟ್ಟಿನಲ್ಲಿ ನಿಮಿಷಗಳು ಕಡಿಮೆಯಾಗುತ್ತಿದ್ದವು, ಪೇಪರಿನವರು ಪೂರ್ತಿ ಸುಳ್ಳು ಹೇಳಿಲ್ಲ ಎಂದು ಅತ್ತೆ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಳು. ಒಂದೇ ಒಂದು ಕಡೆ ಆಕೆಯ ಗ್ರಾಫಿನ ಗೆರೆ ಕೆಳಗಿಳಿಯಲಿಲ್ಲ. ಅದು ಸುರಪುರದ ಮೂರನೇ ಕಿಟಕಿ. ಅಲ್ಲಿ ಕೂರುವವರು ನಿವೃತ್ತಿ ಸಮೀಪಿಸಿದ, ದಪ್ಪ ಕನ್ನಡಕದ ಒಬ್ಬ ಗುಮಾಸ್ತರು. ಅತ್ತೆ ಮೊದಲ ತಿಂಗಳು ಅಕಸ್ಮಾತ್ ಅಲ್ಲಿ ನಿಂತಿದ್ದಳು. ಆಮೇಲೆ ಕಿಟಕಿ ಬದಲಿಸಿದರೆ ಅಳತೆ ಕೆಡುತ್ತದೆಂದು ಅಲ್ಲಿಯೇ ನಿಲ್ಲುತ್ತಿದ್ದಳು. ಕೊನೆಗೆ ರೇಗಿ, ಅವರನ್ನು ಆ ಕಿಟಕಿಯಿಂದ ಎಬ್ಬಿಸಬೇಕೆಂದು ನಾಲ್ಕು ಪುಟದ ದೂರು ಬರೆದಳು. ಮ್ಯಾನೇಜರಿಗೆ ಕೊಡುವಾಗ ಸಾಕ್ಷಿಗಿರಲಿ ಎಂದು ನನ್ನನ್ನೂ ಕರೆದೊಯ್ದಳು.

ಮ್ಯಾನೇಜರು ಇನ್ನೂ ಬಂದಿರಲಿಲ್ಲ. ನಾವು ಮೂರನೇ ಕಿಟಕಿಯ ಸಾಲಿನಲ್ಲೇ ನಿಂತೆವು. ಪಕ್ಕದ ಎರಡು ಕಿಟಕಿಗಳು ಖಾಲಿ! ಅತ್ತೆಗೆ ತಡೆಯಲಾಗಲಿಲ್ಲ. ಮುಂದೆ ನಿಂತಿದ್ದ, ಕಕ್ಕೇರಾದಿಂದ ಬಂದ ಕೂಲಿ ಹೆಂಗಸನ್ನು ಕೇಳಿಯೇಬಿಟ್ಟಳು.

“ಆ ಕಡಿ ಖಾಲಿ ಅದಲ್ಲವ್ವ. ಇಲ್ಲ್ಯಾಕ ನಿಂತಿ?”

“ಅಲ್ಲಿ ಲಗೂನ ಕಳಸ್ತಾರ್ರಿ,” ಎಂದಳು ಆಕೆ. “ಇಲ್ಲಿ ತಿಳಿಸಿ ಹೇಳ್ತಾರ.”

ಅತ್ತೆ ಸ್ಟಾಪ್‌ವಾಚ್ ಹಿಡಿದ ಕೈ ಇಳಿಬಿಟ್ಟು, ಮೊದಲ ಸಲ ಕಿಟಕಿಯ ಕಡೆ ನೋಡುತ್ತ ನಿಂತಳು. ಆ ಗುಮಾಸ್ತರು ಒಬ್ಬ ಮುದುಕನಿಗೆ ಅವನ ಪಿಂಚಣಿ ಯಾಕೆ ಬಂದಿಲ್ಲವೆಂದು ಹೇಳುತ್ತಿದ್ದರು. ಅವನಿಗೆ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಹೇಳಿದರು.

ನಮ್ಮ ಸರದಿ ಬಂತು. ಅತ್ತೆ ದೂರಿನ ಕಾಗದವನ್ನು ಚೀಲದ ತಳಕ್ಕೆ ತಳ್ಳಿ ಇನ್ನೊಂದು ಕಾಗದ ತೆಗೆದಳು. ಅದು ಆಕೆಯ ಗಂಡ, ನನ್ನ ಮಾಮನ ಮರಣ ಪ್ರಮಾಣಪತ್ರ. ಆತ ತೀರಿಕೊಂಡು ವರ್ಷವಾಗಿತ್ತು. ಸುರಪುರದ ಖಾತೆ ಇನ್ನೂ ಇಬ್ಬರ ಹೆಸರಿನಲ್ಲಿತ್ತು. ಆಕೆ ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದದ್ದು ನನಗೂ ಗೊತ್ತಿರಲಿಲ್ಲ.

“ಇವರ ಹೆಸರು ತಗೀಬೇಕಾಗ್ಯದ್ರಿ,” ಎಂದಳು.

ಅವರು ಫಾರ್ಮ್ ತೆಗೆದು ಒಂದೊಂದೇ ಸಾಲನ್ನು ಓದಿ ಹೇಳತೊಡಗಿದರು. ಊರಿಗೆಲ್ಲ ಫಾರ್ಮ್ ತುಂಬಿಕೊಡುವ ನಮ್ಮ ಅತ್ತೆ, ಏನೂ ಗೊತ್ತಿಲ್ಲದವಳಂತೆ ಪ್ರತಿ ಸಾಲಿಗೂ ಹೂಂ ಎನ್ನುತ್ತ ಕೇಳಿದಳು. ಮಾಮನ ಹೆಸರು ಬರೆಯುವಲ್ಲಿ ಆಕೆಯ ಕೈ ತಪ್ಪಿತು.

“ಅವಸರ ಇಲ್ರಿ,” ಎಂದು ಅವರು ಇನ್ನೊಂದು ಫಾರ್ಮ್ ಕೊಟ್ಟರು. ಅದರಲ್ಲೂ ತಪ್ಪಿತು. ಮತ್ತೊಂದು ಕೊಟ್ಟರು. ನಮ್ಮ ಹಿಂದೆ ಸಾಲು ಬಾಗಿಲು ಮುಟ್ಟಿತ್ತು. ಯಾರೂ ಪಕ್ಕದ ಕಿಟಕಿಗೆ ಸರಿಯಲಿಲ್ಲ. ಮೂರನೆಯದರಲ್ಲಿ ಹೆಸರು ಸರಿಯಾಗಿ ಬಂತು.